ಆ ಹೊಳಪು ಎಣ್ಣೆಯದಲ್ಲ, ಮಾವ

ನನ್ನ ಪ್ರೀತಿಯ ಮಾವನವರಿಗೆ,

ಹದಿನಾಲ್ಕು ಮೆಟ್ಟಿಲು ಇಳಿದರೆ ನಿಮ್ಮ ಮುಂದೆ ನಿಲ್ಲಬಹುದಾದವಳು ಮಹಡಿಯಲ್ಲಿ ಕೂತು ನಿಮಗೆ ಕಾಗದ ಬರೆಯುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ, ಮುಂದೆ ಓದಿದ ಮೇಲೆ ಬರಲಿಕ್ಕಿಲ್ಲ. ನೀವೀಗ ಊಟ ಮುಗಿಸಿ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದೀರಿ. ನೀರು ತರಲು ಕೆಳಗೆ ಬಂದಾಗ ನೋಡಿದೆ, ನಿಮ್ಮ ಉಸಿರಿಗೆ ಪೇಪರಿನಲ್ಲಿದ್ದ ಎಣ್ಣೆ ಮಂತ್ರಿಯ ಮುಖ ಮೇಲೆ ಕೆಳಗೆ ಆಗುತ್ತಿತ್ತು. ನಾಲ್ಕು ಗಂಟೆಗೆ ನೀವು ಎದ್ದು ವ್ಯಾನ್ ಸ್ಟ್ಯಾಂಡಿನ ಸಭೆಗೆ ಹೋಗುತ್ತೀರಿ. ಅದಕ್ಕೆ ಮೊದಲು ಇದು ನಿಮ್ಮ ಕೈಯಲ್ಲಿರಬೇಕು.

ಬಾಯಲ್ಲೇ ಹೇಳಲು ನಾಲ್ಕು ದಿನದಿಂದ ಪ್ರಯತ್ನಪಟ್ಟೆ, ಮಾವ. ಮೊನ್ನೆ ಅರ್ಧ ಗಂಟೆ ನಿಮ್ಮೆದುರು ಕೂತು ಕಿಟಕಿಯ ಪರದೆ ಹಸಿರಿರಬೇಕೋ ಹಳದಿಯೋ ಎಂದು ಕೊರೆದೆನಲ್ಲ, ನಿಜವಾಗಿ ಬಂದದ್ದು ಇದನ್ನು ಹೇಳಲೆಂದೇ. ನೀವು ಅಷ್ಟು ಗಂಭೀರವಾಗಿ ಯೋಚಿಸಿ "ಹಳದಿ ಹಾಕಮ್ಮ, ರೂಮಿಗೆ ಬೆಳಕು ಬಂದಂಗಿರುತ್ತೆ" ಅಂದುಬಿಟ್ಟಿರಿ. ನಾನು ಎದ್ದು ಬಂದೆ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಇಷ್ಟುದ್ದ ಬರೆದು ಅಭ್ಯಾಸವಿಲ್ಲ. ತಪ್ಪುಗಳಿದ್ದರೆ ಅತ್ತೆಗೆ ತೋರಿಸಬೇಡಿ. ರಿಟೈರಾದರೂ ಅವರ ಕೆಂಪು ಪೆನ್ನು ಇನ್ನೂ ರಿಟೈರಾಗಿಲ್ಲ.

ಮದುವೆಯಾಗಿ ನಾಲ್ಕು ತಿಂಗಳು. ನಿಮ್ಮ ಮಗ ಮೂರು ವಾರ ಎಣ್ಣೆಬಾವಿಯ ಹತ್ತಿರ, ಒಂದು ವಾರ ಮನೆಯಲ್ಲಿ. ಆ ಒಂದು ವಾರ ನಾನು ನೆಲದ ಮೇಲೆ ನಡೆಯುವುದೇ ಇಲ್ಲ ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಹೌದು, ಏನು ಮಾಡಲಿ! ಅವರು ಬ್ಯಾಗು ಇಳಿಸುವ ಸದ್ದು ಕೇಳಿದರೇ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತೇನೆ. ಬಟ್ಟೆಗೆಲ್ಲ ಡೀಸೆಲ್ ವಾಸನೆ, ಮೂಗಿನ ಮೇಲೆ ಸುಲಿದ ಚರ್ಮ, ಆದರೂ ನನಗೆ ಅವರಷ್ಟು ಚೆಂದದವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಇದನ್ನೆಲ್ಲ ಮಾವನಿಗೆ ಬರೆಯುವುದಾ ಎನ್ನಬೇಡಿ. ನಾನು ಯಾಕೆ ಬಾಯಿ ಬಿಟ್ಟೆ ಎಂದು ನಿಮಗೆ ಅರ್ಥವಾಗಬೇಕಾದರೆ ನಾನು ಎಷ್ಟು ಸುಖದಲ್ಲಿ ತೇಲುತ್ತಿದ್ದೆ ಎಂಬುದು ಗೊತ್ತಿರಬೇಕು.

ಅವರ ಕೆಲಸವನ್ನು ನೀವು ಎಲ್ಲರಿಗೂ ಒಂದೇ ಮಾತಲ್ಲಿ ಹೇಳುತ್ತೀರಿ: "ವ್ಯಾನ್ ಓಡ್ಸಿ ಓಡ್ಸಿ ಓದ್ಸಿದೆ, ಈಗ ಕಲ್ಲು ತೊಳೀತಾನೆ." ಅದು ನಿಜವೇ. ಕೊರೆಯುವ ಕೊಳವೆಯ ಜೊತೆ ನೆಲದಾಳದಿಂದ ಕೆಸರು ಮೇಲೆ ಬರುತ್ತದೆ. ಕೆಸರಿನಲ್ಲಿ ಕಾಳಿನಷ್ಟು ಸಣ್ಣ ಕಲ್ಲಿನ ಚೂರುಗಳಿರುತ್ತವೆ. ಅವನ್ನು ಜರಡಿಯಲ್ಲಿ ತೊಳೆದು, ಕತ್ತಲೆ ಪೆಟ್ಟಿಗೆಯೊಳಗೆ ನೇರಳೆ ದೀಪದ ಕೆಳಗಿಟ್ಟು ನೋಡಬೇಕು. ಬರೀ ಕಲ್ಲಾದರೆ ಸತ್ತಂತೆ ಬಿದ್ದಿರುತ್ತದೆ. ಎಣ್ಣೆ ಅಂಟಿದ್ದರೆ ಹೊಳೆಯುತ್ತದೆ. ಕೆಲವು ಎಣ್ಣೆ ಹಳದಿ, ತುಂಬಾ ತೆಳುವಾದ ಒಳ್ಳೆಯ ಎಣ್ಣೆ ನೀಲಿ ಬೆರೆತ ಬಿಳುಪು.

ಮದುವೆಯಾದ ಮೂರನೆಯ ವಾರ, ಬೆಳಿಗ್ಗೆ ಒಂಬತ್ತಕ್ಕೆ ಅವರು ಫೋನ್ ಮಾಡಿದರು. ಮಾತು ನೆಟ್ಟಗೆ ಬರುತ್ತಿರಲಿಲ್ಲ. "ಹೊಳೀತು ಕಣೇ! ನೀಲಿಯಾಗಿ, ನಕ್ಷತ್ರದ ಥರ ಹೊಳೀತು! ಇನ್ನೂ ನಮ್ಮ ಬಾಸಿಗೂ ಹೇಳಿಲ್ಲ, ಮೊದಲು ನಿಂಗೇ ಹೇಳ್ಬೇಕು ಅನ್ನಿಸ್ತು." ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡ. ಬಾವಿ ವಿಷಯ ಹೊರಗೆ ಬಂದ್ರೆ ಕೆಲಸಾನೇ ಹೋಗುತ್ತೆ, ಕಾಗದಕ್ಕೆ ಸೈನ್ ಹಾಕಿದೀನಿ" ಎಂದರು. ನಿಮ್ಮಾಣೆ, ನನ್ನಾಣೆ ಎಂದೆಲ್ಲ ಹೇಳಿ ಫೋನಿಟ್ಟೆ. ಇಟ್ಟು ಎಷ್ಟು ಹೊತ್ತಾಯಿತು ಎನ್ನುತ್ತೀರಿ? ಮೆಟ್ಟಿಲಿಳಿಯುವಷ್ಟು.

ನೀವು ವ್ಯಾನಿನ ಗಾಜು ಒರೆಸುತ್ತಿದ್ದಿರಿ. ಆ ವಾರ ಪೆಟ್ರೋಲ್, ಡೀಸೆಲ್ ಎರಡೂ ಏರಿದ್ದವು. ರೇಡಿಯೋದಲ್ಲಿ ಮಂತ್ರಿಗಳು "ನಮ್ಮ ನೆಲ, ನಮ್ಮ ಎಣ್ಣೆ" ಎನ್ನುತ್ತಿದ್ದರು, ವಿರೋಧ ಪಕ್ಷದವರು ಸದನದಿಂದ ಎದ್ದು ಹೋಗುತ್ತಿದ್ದರು, ಯಾರನ್ನೂ ನಂಬದ ನೀವು ರೇಡಿಯೋದ ಕಿವಿ ಹಿಂಡುತ್ತಿದ್ದಿರಿ. ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಸಭೆ ಎಂದು ನನಗೆ ಗೊತ್ತಿತ್ತು. ಮೂವತ್ತೊಂದು ವ್ಯಾನಿನವರೂ ಮುಷ್ಕರಕ್ಕೆ ತುದಿಗಾಲಲ್ಲಿ ನಿಂತಿದ್ದರು. ಸಾರಿಗೆ ಕಚೇರಿಯವರು ಮೂರು ತಿಂಗಳು ಟಿಕೆಟ್ ದರ ಏರಿಸಬೇಡಿ, ಪರ್ಮಿಟ್ ಹಾಗೇ ಮುಂದುವರಿಸುತ್ತೇವೆ ಎಂದು ಕಾಗದ ಕಳಿಸಿದ್ದರು. ಒಂಬತ್ತು ವರ್ಷದಿಂದ ವ್ಯಾನಿನವರ ಸಂಘದ ಕಾರ್ಯದರ್ಶಿಯಾದ ನಿಮಗೆ ಏನು ಹೇಳಬೇಕೆಂದು ತೋಚದೆ ಎರಡು ದಿನ ನಿದ್ದೆಯಿರಲಿಲ್ಲ. ಆಗ ನಾನು ಓಡಿ ಬಂದು ನಿಮ್ಮ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡು ಹೇಳಿಬಿಟ್ಟೆ.

ನೀವು ಬಾನೆಟ್ ಮೇಲೆ ಕೈಯೂರಿದಿರಿ. ಆಮೇಲೆ ಕೇಳಿದಿರಿ: "ನಮ್ಮ ಹಿತ್ತಲಲ್ಲೇ ಸಿಕ್ಕಿದ್ರೆ ಬೆಲೆ ಇಳೀಲೇಬೇಕಲ್ಲಮ್ಮ?" ನಾನು, ಎಕನಾಮಿಕ್ಸಿನಲ್ಲಿ ಡಿಗ್ರಿ ಮಾಡಿದವಳು, "ಮತ್ತೆ? ಇಳೀದೆ ಏನು!" ಎಂದೆ.

ಗಂಡನಿಗೆ ಕೊಟ್ಟ ಮಾತು ಮರೆತಿರಲಿಲ್ಲ. ನಾನು ಹೇಳಿದ್ದು ಅವರಿಗೆ ಗೊತ್ತಾಗಬಾರದು ಎಂದು ನಿಮ್ಮನ್ನು ಬೇಡಿಕೊಂಡೆ. ನೀವು ಕಣ್ಣು ಮಿಟುಕಿಸಿ, "ಸ್ಟ್ಯಾಂಡಿನೋರು ಹೊಟ್ಟೇಲಿ ಹಾಕ್ಕೊಂಡ್ರೆ ಮುಗೀತು, ಹೆಂಡ್ತಿಗೂ ಹೇಳಲ್ಲ" ಎಂದಿರಿ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕರೆದೊಯ್ದಿರಿ. ಅಷ್ಟು ಜನ ಗಂಡಸರ ಮುಂದೆ "ನಾನು ಪೇಪರ್ ಓದಿ ಹೇಳ್ತಿಲ್ಲ, ಇವಳ ಬಾಯಿಂದಲೇ ಕೇಳಿ" ಎಂದಿರಿ. ನಾಚಿಕೆಯಾಗಬೇಕಿತ್ತು ನನಗೆ. ಆದರೆ ನನಗೆ ಹುರುಪು ಬಂತು, ಮಾವ! ನಿಮ್ಮ ಮಗ ಒಂದು ಜರಡಿಯಲ್ಲಿ ಒಂದು ಹಿಡಿ ಚೂರು ನೋಡಿದ್ದರು. ನನ್ನ ಬಾಯಲ್ಲಿ ಅದು "ಬಂದ ಕಲ್ಲೆಲ್ಲ ಬೆಳಗ್ತಾ ಇದೆಯಂತೆ" ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವ್ಯಾನಿನ ತುಂಬ ಬಣ್ಣದ ಬಲ್ಬು ಹಾಕಿಸಿದ್ದಾನಲ್ಲ ಆ ಡಿಸ್ಕೋ, ಹಾಡುಹಗಲಲ್ಲಿ ಎಲ್ಲ ಬಲ್ಬು ಹತ್ತಿಸಿ ಹಾರ್ನ್ ಬಾರಿಸಿದ. ನೀವು ಮುಷ್ಕರ ಬೇಡ ಎಂದಿರಿ. ಮೂರು ತಿಂಗಳ ಕಾಗದಕ್ಕೆ ಒಬ್ಬೊಬ್ಬರಾಗಿ ಸಹಿ ಹಾಕಿದರು.

ಮೂರನೆಯ ದಿನ ಮತ್ತೆ ಫೋನ್ ಬಂತು. "ಗ್ರೀಸು ಕಣೇ" ಎಂದರು. ಕೊಳವೆಗಳನ್ನು ಒಂದಕ್ಕೊಂದು ತಿರುಗಿಸಿ ಜೋಡಿಸುವಾಗ ತಿರುಪಿನ ಸುತ್ತುಗಳಿಗೆ ಗ್ರೀಸು ಮೆತ್ತುತ್ತಾರಂತೆ. ಆ ಬೆಳಿಗ್ಗೆ ಹೊಸ ಕೊಳವೆಗಳನ್ನು ಇಳಿಸಿದ್ದರು, ಧಾರಾಳವಾಗಿ ಮೆತ್ತಿದ್ದರು. ಅದು ಕೆಸರಿನ ಜೊತೆ ಮೇಲೆ ಬಂದು ಕಲ್ಲಿಗೆ ಅಂಟಿಕೊಂಡಿತ್ತು. ಆ ಗ್ರೀಸು ನೇರಳೆ ದೀಪದ ಕೆಳಗೆ ನೀಲಿ ಬೆರೆತ ಬಿಳುಪಾಗಿಯೇ ಹೊಳೆಯುತ್ತದೆ. ಹೊಸಬರು ಯಾರಾದರೂ ಈ ತಪ್ಪು ಮಾಡಿದರೆ ಮೊದಲು ಗ್ರೀಸಿನ ಡಬ್ಬಿ ತಂದು ದೀಪದ ಕೆಳಗಿಟ್ಟು ನೋಡು ಎಂದು ಅವರೇ ಬಯ್ಯುತ್ತಿದ್ದರಂತೆ. ಅವತ್ತು ಹೊಸದಾಗಿ ಮದುವೆಯಾದವನ ತಲೆ ಭುಜದ ಮೇಲಿರಲಿಲ್ಲ ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ನೀನು ಯಾರಿಗೂ ಹೇಳಿಲ್ವಲ್ಲ?" ಎಂದು ಕೇಳಿದರು.

ಇಲ್ಲ ಎಂದೆ.

ಅಲ್ಲಿಂದ ನಾನು ಎರಡೂ ಕಡೆ ಸುಳ್ಳಿಯಾದೆ. ಅವರು ಮನೆಗೆ ಬಂದಾಗ ನೀವು ಮಾತು ಉಳಿಸಿಕೊಂಡು ಬಾವಿಯ ಸುದ್ದಿಯನ್ನೇ ಎತ್ತಲಿಲ್ಲ. ಮಗನನ್ನು ನೋಡಿ ನೋಡಿ ಮುಸಿಮುಸಿ ನಗುತ್ತಿದ್ದಿರಿ, ನಿಮ್ಮ ತಟ್ಟೆಯ ಮೊಟ್ಟೆ ಎತ್ತಿ ಅವರ ತಟ್ಟೆಗೆ ಹಾಕುತ್ತಿದ್ದಿರಿ. "ಅಪ್ಪಂಗೆ ಏನಾಗಿದೆ?" ಎಂದು ಅವರು ನನ್ನನ್ನು ಕೇಳಿದರು. ಸೊಸೆ ಬಂದ ಖುಷಿ ಎಂದೆ.

ಆ ಬಾವಿಯ ಬಾಯಿಗೆ ಸಿಮೆಂಟು ಹಾಕಿ ಮುಚ್ಚಿ ತಿಂಗಳ ಮೇಲಾಯಿತು, ಮಾವ. ನಿಮ್ಮ ಮಗ ಏನೂ ಸಿಗಲಿಲ್ಲವೆಂದು ವರದಿ ಬರೆದು ಕೊಟ್ಟಿದ್ದಾರೆ. ಚುನಾವಣೆ ಮುಗಿಯುವ ತನಕ ಅದು ಮೇಲಿನವರ ಬೀರುವಿನಿಂದ ಆಚೆ ಬರುವುದಿಲ್ಲವಂತೆ. ಬಾವಿಯ ಪಕ್ಕದ ರಸ್ತೆಯಲ್ಲಿ ಮಂತ್ರಿಗಳ ದೊಡ್ಡ ಬೋರ್ಡು ಮಾತ್ರ ಹಾಗೇ ಇದೆ, ನಿಮ್ಮ ಮಗ ದಿನಾ ಅದರ ಕೆಳಗೇ ಹಾದು ಹೊಸ ಬಾವಿಗೆ ಹೋಗುತ್ತಾರೆ. ಇನ್ನೂ ಒಂದು ಕೇಳಿ. "ಎಣ್ಣೆ ಸಿಕ್ಕಿದ್ರೂ ಬಂಕಿಗೆ ಬರೋಕೆ ಏಳೆಂಟು ವರ್ಷ ಬೇಕು. ಬಂದ್ರೂ ಲೋಕದ ಬೆಲೆಗೇ ಮಾರ್ತಾರೆ. ಹಿತ್ತಲಲ್ಲಿ ಸಿಕ್ತು ಅಂತ ಅಪ್ಪಂಗೆ ಬೇರೆ ರೇಟು ಹಾಕ್ತಾರಾ?" ಎಂದರು. ಹಾಗಾದರೆ ಅವತ್ತು ಕಲ್ಲು ನಿಜವಾಗಿ ಹೊಳೆದಿದ್ದರೂ ನಾನು ನಿಮಗೆ ಹೇಳಿದ್ದು ಸುಳ್ಳೇ.

ಈ ಮೂರು ತಿಂಗಳಲ್ಲಿ ಬೆಲೆ ಎಷ್ಟು ಸಲ ಏರಿತು ಎಂದು ನಿಮಗೆ ನಾನು ಹೇಳಬೇಕೇ. ಹೋದ ವಾರ ನೀವು ಮರೆತ ಕನ್ನಡಕ ಕೊಡಲು ಸ್ಟ್ಯಾಂಡಿಗೆ ಬಂದಿದ್ದೆ. ನೀವು ನನ್ನನ್ನು ನೋಡಿರಲಿಲ್ಲ. ಸಾಲು ಮುಂದೆ ಸರಿದಾಗ ಒಬ್ಬರೂ ಇಂಜಿನ್ ಹಾಕಲಿಲ್ಲ. ಎಲ್ಲರೂ ಇಳಿದು, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು, ವ್ಯಾನನ್ನು ತಳ್ಳಿಕೊಂಡು ಮುಂದೆ ಹೋದರು. ಒಂದು ಹನಿ ಉಳಿಯಲಿ ಎಂದು. ನೀವೂ ತಳ್ಳಿದಿರಿ, ಈ ಸೊಂಟ ಇಟ್ಟುಕೊಂಡು. ವ್ಯಾನ್ ನಿಂತ ಮೇಲೆ ಸ್ಟೇರಿಂಗಿಗೆ ಹಣೆ ಹಚ್ಚಿ ಉಸಿರು ಬಿಡುತ್ತಿದ್ದಿರಿ. ಡಿಸ್ಕೋ ಆ ಕಡೆಯಿಂದ ಕೂಗಿದ: "ಏನ್ ಸೆಕ್ರೆಟ್ರಿ, ಮಗನ ಎಣ್ಣೆ ಪೈಪಲ್ಲಿ ಬರ್ತಿದ್ಯೋ, ಬಿಂದಿಗೇಲಿ ಹೊತ್ಕೊಂಡು ಬರ್ತಿದಾರೋ?" ಒಂದಿಬ್ಬರು ನಕ್ಕರು. ಅವನ ಬಲ್ಬುಗಳೆಲ್ಲ ಹೋಗಿದ್ದವು, ಬಿಚ್ಚಿ ಮಾರಿದ್ದಾನಂತೆ. ನೀವು ತಲೆಯೆತ್ತಿ ಒಂದೇ ಮಾತು ಹೇಳಿದಿರಿ: "ನನ್ನ ಸೊಸೆ ಸುಳ್ಳು ಹೇಳೋಳಲ್ಲ ಕಣೋ." ನಾನು ಕನ್ನಡಕವನ್ನು ಟೀ ಅಂಗಡಿಯವನ ಕೈಗೆ ಕೊಟ್ಟು ಮನೆಗೆ ಓಡಿದೆ.

ಸಾರಿಗೆ ಕಚೇರಿಯ ಇವತ್ತಿನ ಕಾಗದ ಒಂದು ವರ್ಷಕ್ಕಂತೆ. ಒಂದು ವರ್ಷ ಅದೇ ದರ. ಇವತ್ತೂ ನೀವು ಎದ್ದು ನಿಂತು, ಇನ್ನು ಸ್ವಲ್ಪ ತಾಳಿ ಎನ್ನುತ್ತೀರಿ, ಬಯ್ದುಕೊಂಡಾದರೂ ಅವರು ಸಹಿ ಹಾಕುತ್ತಾರೆ. ಒಂದು ವರ್ಷ ವ್ಯಾನ್ ತಳ್ಳಿಕೊಂಡು ಯಾರು ಉಳಿಯುತ್ತಾರೆ?

ಅದಕ್ಕೇ ನಾಲ್ಕು ದಿನದ ಹಿಂದೆ ನಿಮ್ಮ ಮಗನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬಯ್ಯಲಿಲ್ಲ. ಬಯ್ದಿದ್ದರೆ ಅಳಬಹುದಿತ್ತು. "ಸಿಕ್ತು ಅಂತ ಹೇಳಿದ್ದು ಗೊತ್ತಾದ್ರೂ ಕೆಲಸ ಹೋಗುತ್ತೆ, ಸಿಕ್ಲಿಲ್ಲ ಅಂತ ಹೇಳಿದ್ದು ಗೊತ್ತಾದ್ರೂ ಹೋಗುತ್ತೆ. ಅಪ್ಪ ಹೇಳ್ಲಿ ಅಂತಾನೂ ನನ್ನ ಬಾಯಲ್ಲಿ ಬರ್ತಿಲ್ಲ, ಬೇಡ ಅಂತಾನೂ ಬರ್ತಿಲ್ಲ" ಎಂದರು. ನನ್ನ ಹೆಸರು ಕರೆದು ಫೋನಿಟ್ಟರು. ಆಮೇಲಿನ ಮೂರು ದಿನ ಫೋನಿನಲ್ಲಿ ಊಟ ಆಯ್ತಾ ಎಂದು ಮಾತ್ರ ಕೇಳಿಕೊಂಡಿದ್ದೇವೆ. ಮೂಗಿನ ಸುಲಿದ ಚರ್ಮಕ್ಕೆ ಮುಲಾಮು ಹಚ್ಚಿದಿರಾ ಎಂದು ಕೇಳುವಷ್ಟೂ ಧೈರ್ಯ ನನಗಿಲ್ಲ.

ಹೀಗೆ ನಾವಿಬ್ಬರೂ ನಿರ್ಧರಿಸಲಾಗದ್ದನ್ನು ಮಡಿಸಿ ನಿಮ್ಮ ಕೈಗೆ ಕೊಡುತ್ತಿದ್ದೇನೆ. ನೀವು ಸತ್ಯ ಹೇಳಿದರೆ ನಿಮ್ಮ ಮಗನ ಕೆಲಸ. ಸುಮ್ಮನಿದ್ದರೆ ಮೂವತ್ತೊಂದು ಮನೆ, ಅದರಲ್ಲಿ ನಮ್ಮದೂ ಒಂದು.

ಯೋಚಿಸಿ ಯೋಚಿಸಿ ನನಗೆ ಹೊಳೆದ ದಾರಿ ಒಂದೇ. ನಿಮ್ಮ ಮಗ ಏನೂ ಹೇಳಿಯೇ ಇರಲಿಲ್ಲ ಎನ್ನಿ. ಸೊಸೆ ಬಾಯಿಬಡುಕಿ, ಗಂಡನ ಬಗ್ಗೆ ಜಂಬ ಕೊಚ್ಚಲು ಕಟ್ಟಿ ಹೇಳಿದಳು, ನಾನು ಮುದುಕ ನಂಬಿ ಕೆಟ್ಟೆ ಎನ್ನಿ. ಅವರು ನನ್ನನ್ನು ಆಡಿಕೊಳ್ಳಲಿ, ನಾನು ಆ ರಸ್ತೆಗೇ ಬರುವುದಿಲ್ಲ. ಬೇಕಾದರೆ ಬಂದು ಎಲ್ಲರೆದುರು ನಿಂತು ಹೌದು ಎನ್ನುತ್ತೇನೆ. ದರದ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಹೇಳಲು ನಿಮಗೆ ಅಷ್ಟು ಸಾಕು, ನಿಮ್ಮ ಮಗನಿಗೂ ಏನೂ ಆಗುವುದಿಲ್ಲ. ಇದನ್ನು ಬರೆಯುವಾಗ ನನಗೆ ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ನಿಮ್ಮ ಮುಖ ಕಣ್ಣ ಮುಂದೆ ಬಂತು. ಮಾವ, ನೀವು ಹಾಗೆ ಹೇಳುವುದಿಲ್ಲ. ಸ್ಟ್ಯಾಂಡಿನ ಮಧ್ಯೆ ನಿಂತು ನನ್ನನ್ನು ಸುಳ್ಳಿ ಎನ್ನಲು ನಿಮಗೆ ನಾಲಗೆ ಬರುವುದಿಲ್ಲ. ನಾನು ಈ ಮನೆಗೆ ಬಂದ ದಿನದಿಂದ ನೋಡುತ್ತಿದ್ದೇನೆ, ನನ್ನ ವಿಷಯದಲ್ಲಿ ನೀವು ತುಂಬಾ ಕೆಟ್ಟ ನ್ಯಾಯಾಧೀಶರು.

ಇವತ್ತೊಂದು ದಿನ ಆ ಪ್ರೀತಿಯನ್ನು ಬದಿಗಿಡಿ ಎಂದು ಕಾಲು ಹಿಡಿದು ಕೇಳುತ್ತೇನೆ. ಇಡುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತೇನೆ. ನನ್ನ ಕೈಯಲ್ಲಿ ಇನ್ನೇನೂ ಉಳಿದಿಲ್ಲ.

ಗಂಟೆ ಮೂರೂ ಮುಕ್ಕಾಲು. ನಿಮ್ಮಿಂದ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಚಿಕ್ಕವಳಾದರೂ ನಾನೇ ನಿಮಗೆ ಹಾರೈಸುತ್ತೇನೆ: ಈ ಸಂಜೆ ಅವರೆದುರು ನಿಂತಾಗ ನಿಮ್ಮ ಬಾಯಿಂದ ಬರುವ ಮಾತು ಯಾವುದೇ ಆಗಿರಲಿ, ಅದನ್ನು ಹೇಳಿ ಮನೆಗೆ ಬಂದ ಮೇಲೆ ನಿಮಗೆ ನಿದ್ದೆ ಬರಲಿ.

ಎಂದಿಗೂ ನಿಮ್ಮವಳೇ ಆದ,
ಮಾತು ಹೆಚ್ಚಾದ ಸೊಸೆ