ಬಂಡಿಯಿಂದ ಇಳಿಯದವಳು

ಅಬುಧಾಬಿ, ೨೦೧೮

ಪ್ರೀತಿಯ ಮೌಶಿ,

ಇಲ್ಲಿನ ಪ್ರದರ್ಶನವೊಂದರಲ್ಲಿ ಕಂಡ ಸಮಾಧಿಯ ಚಿತ್ರ ಈ ಕಾರ್ಡಿನ ಹಿಂದಿದೆ. ಎರಡೂವರೆ ಸಾವಿರ ವರ್ಷ ಹಿಂದಿನ ಯುರೋಪಿನ ಕೆಲ್ಟ್ ಜನರದು. ನಾಲ್ಕು ಚಕ್ರದ ಬಂಡಿ, ಅದರ ಮೇಲೆ ಬಂಗಾರ ತೊಟ್ಟ ಎಲುಬುಗೂಡು.

"ಇಷ್ಟು ದೊಡ್ಡ ಬಂಡಿ ಉಂಟಲ್ಲ, ಗಂಡಸೇ ಮಾರಾಯ್ತಿ" ಅಂದರು ಇವರು. ಅಗೆದವರೂ ಮೊದಲು ಹಾಗೇ ಅಂದುಕೊಂಡಿದ್ದರಂತೆ. ದಿನವಿಡೀ ಎಕ್ಸ್‌ರೇ ತೆಗೆಯುವ ನನಗೆ ಸೊಂಟದ ಎಲುಬು ಕಂಡ ಕೂಡಲೇ ಗೊತ್ತಾಯಿತು, ಹೆಂಗಸು. ನೋಡುತ್ತ ನಿಂತ ಹಾಗೆ ಚಕ್ರಗಳು ಮೆಲ್ಲಗೆ ಉರುಳಿದವು; ನೀನು ಮೀನಿನ ಟೆಂಪೋ ಓಡಿಸಿಕೊಂಡು ಮಲ್ಪೆಯಿಂದ ಬರುತ್ತಿದ್ದೆ.

ನಿನ್ನ ಮೊಣಗಂಟಿನ ನೋವಿಗೆ ಮುಲಾಮು, ರಜೆಗೆ ಊರಿಗೆ ಬರುತ್ತಿರುವ ಗೆಳತಿ ಬ್ರೆಂಡಾ ಕೈಯಲ್ಲಿ ಕಳಿಸಿದ್ದೇನೆ. ಟೆಂಪೋ ಮಾರೆಂದು ನಿನ್ನ ಮಗ ಮತ್ತೆ ಹಟ ಹಿಡಿದರೆ ಈ ಚಿತ್ರ ತೋರಿಸು. ಇವಳನ್ನು ಬಂಡಿಯಿಂದ ಇಳಿಸಲು ಸಾವಿನಿಂದಲೂ ಆಗಲಿಲ್ಲ.

ನಿನ್ನ ಗ್ಲಾಡಿಸ್