ಅತ್ತೆಯ ಮೌನ ಮುರಿದ ಕಡಲಾಮೆ

ಅಮ್ಮಾ,

ಅತ್ತೆ ನನ್ನ ಜೊತೆ ಮಾತಾಡಿದರು! ತಾವು ನೋಡಿದ ಹುಡುಗಿಯನ್ನು ಬಿಟ್ಟು ಮಗ ನನ್ನನ್ನು ಕಟ್ಟಿಕೊಂಡ ಎಂಬ ಸಿಟ್ಟಿಗೆ, ಮದುವೆಯಾದಾಗಿನಿಂದ ನನಗೆ ಹೇಳಬೇಕಾದ್ದನ್ನೆಲ್ಲ ಇವರ ಬಾಯಲ್ಲೇ ಹೇಳಿಸುತ್ತಿದ್ದರಲ್ಲ, ಅದು ಇವತ್ತು ಸಮುದ್ರದ ಮೇಲೆ ಮುಗಿಯಿತು.

ಇಲ್ಲಿ ಕಯಾಕ್ ಬಾಡಿಗೆಗೆ ಕೊಡುವಾತ ಗಂಡ ಹೆಂಡತಿ ಎಂದೆಲ್ಲ ನೋಡುವುದಿಲ್ಲ, ತೂಕ ನೋಡುತ್ತಾನೆ. ನಿನ್ನ ಅಳಿಯಂದಿರ ಹೊಟ್ಟೆ ನೋಡಿ ಒಬ್ಬರೇ ಕೂರುವ ದೋಣಿ ಕೊಟ್ಟ. ಅತ್ತೆಯನ್ನೂ ನನ್ನನ್ನೂ ಇನ್ನೊಂದರಲ್ಲಿ ಕೂರಿಸಿ ನೀರಿಗೆ ತಳ್ಳಿಯೇಬಿಟ್ಟ. ಮುಂದೆ ಅವರು, ಹಿಂದೆ ನಾನು, ತುಟಿ ಎರಡು ಮಾಡದೆ ಹುಟ್ಟು ಹಾಕುತ್ತಾ ಹೋದೆವು. ಇದ್ದಕ್ಕಿದ್ದಂತೆ ಪಕ್ಕದಲ್ಲೇ ಮೊರದಗಲದ ಕಡಲಾಮೆಯೊಂದು ತಲೆಯೆತ್ತಿ ಉಸ್ಸೆಂದು ಉಸಿರು ಬಿಟ್ಟಿತು.

"ಏ ಹುಡುಗೀ, ಹುಟ್ಟು ಎತ್ತೇ! ಅದರ ತಲೆಗೆ ಬಡಿದೀತು!" ಎಂದು ಅತ್ತೆ ಕೂಗಿದರು. ನಾನು ಹುಟ್ಟನ್ನು ತಲೆಯ ಮೇಲೆ ಹಿಡಿದು ಕೂತೆ. ಆಮೆ ನಮ್ಮಿಬ್ಬರನ್ನೂ ಸಾವಕಾಶವಾಗಿ ನೋಡಿ ಮತ್ತೊಮ್ಮೆ ಉಸ್ಸೆಂದಿತು. "ಥೇಟ್ ನಿಮ್ಮ ಮಾವ ಊಟ ಮುಗಿಸಿ ಎದ್ದ ಹಾಗೇ ಇದೆಯಲ್ಲೇ!" ಎಂದು ಅತ್ತೆ ನಕ್ಕ ನಗೆಗೆ ದೋಣಿಯೇ ಓಲಾಡಿತು. ದಡ ಸೇರುವವರೆಗೂ ಅವರು ಬಾಯಿ ಮುಚ್ಚಲಿಲ್ಲ, ಅಮ್ಮಾ! ಆ ಆಮೆಯ ಹೊಟ್ಟೆ ತಣ್ಣಗಿರಲಿ.

ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಗಾಬರಿಯಾಗಬೇಡ, ಅತ್ತೆಯೇ ಮುಲಾಮು ಹಚ್ಚಿದರು. ಹಚ್ಚುತ್ತಾ, "ಮದುವೇಲಿ ನಿಮ್ಮಮ್ಮನ್ನ ನಾನು ಸರಿಯಾಗಿ ಮಾತಾಡಿಸಲೇ ಇಲ್ಲ. ನಿಮ್ಮ ಮನೆಗೆ ನನ್ನನ್ನೂ ಕರ್ಕೊಂಡು ಹೋಗೇ" ಎಂದರು. ಕಾರ್ಡಿನಲ್ಲಿ ಜಾಗವಿಲ್ಲ. ಮೂವರೂ ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತೇವೆ.