ಕ್ಯಾಮೆರಾದ ಮುಂದೆ ನಿನ್ನ ಮಗಳು

ಅಕ್ಕಾ,

ನೀನು ತೀರಿಕೊಂಡ ಮೇಲೆ ಅಶ್ವಿತಾಳನ್ನು ಅಲ್ ವಕ್ರಾದ ನನ್ನ ಫ್ಲ್ಯಾಟಿನಲ್ಲಿಟ್ಟು ನರ್ಸಿಂಗ್ ಓದಿಸುತ್ತಿರುವವನು ನಾನೇ. ಇಂಥ ಮಾಮ ಇಡೀ ಕತಾರಿನಲ್ಲಿಲ್ಲ.

ವಿದ್ಯಾರ್ಥಿಗಳ ಮನಸ್ಸು ಹಗುರ ಮಾಡಲು ಉಡುಪಿ ಕಡೆಯ ಮೇಡಂ ಒಬ್ಬರು ಆನ್‌ಲೈನ್ ಕ್ಲಾಸ್ ಮಾಡುತ್ತಾರೆ. ಕಳೆದ ವಾರ ಅದರಲ್ಲಿ ನಿನ್ನ ಮಗಳು, ವಾರ್ಡಿನಲ್ಲಿ ತನ್ನ ಕಣ್ಣೆದುರೇ ಸತ್ತ ರೋಗಿ ಅಜ್ಜಿಯೊಬ್ಬಳ ವಿಷಯ ಹೇಳುತ್ತ ಅತ್ತಳು. ನಾನು ಕ್ಯಾಮೆರಾಕ್ಕೆ ಮುಖ ತೂರಿಸಿ, ಅವಳಂತೆಯೇ ಮೂಗೆಳೆದು ಅತ್ತು ತೋರಿಸಿದೆ.

"ನರ್ಸಮ್ಮನ ಕಣ್ಣೊರೆಸಲಿಕ್ಕೆ ಇನ್ನೊಬ್ಬ ನರ್ಸ್ ಬೇಕು ಮಾರಾಯ್ರೆ!"

ಕ್ಲಾಸಿನ ಹುಡುಗಿಯರೆಲ್ಲ ನಕ್ಕರು. ಅವಳು ನಗಲಿಲ್ಲ.

ಇವತ್ತು ಕ್ಲಾಸಿನ ನಡುವೆ ಅವಳಿಗೆ ಚಹಾ ಕೊಂಡುಹೋದೆ. ಮೇಡಂ ಕೇಳುತ್ತಿದ್ದರು: "ಮನೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲಿಕ್ಕೆ ಯಾರಿದ್ದಾರಮ್ಮ?"

ಅವಳು ನನ್ನನ್ನೇ ನೋಡಿದಳು.

"ಯಾರೂ ಇಲ್ಲ ಮೇಡಂ. ನಾನೊಬ್ಬಳೇ ಇರುವುದು."

ಈ ಸಲ ನಾನು ಕ್ಯಾಮೆರಾಕ್ಕೆ ಮುಖ ತೋರಿಸಲಿಲ್ಲ, ಅಕ್ಕಾ.